ತತ್ತಿ ಹಚ್ಚದ ಹೊಳಪು

ಬ್ರಷ್ಷಿನ ಒಂದು ಕೂದಲು ಬನ್ನಿನ ಮೇಲೆ ಅಂಟಿಕೊಂಡಿತ್ತು. ಹಾಲು ಹಚ್ಚುವಾಗ ಉದುರಿರಬೇಕು. ಕಾವಿಗೆ ಸುರುಳಿ ಸುತ್ತಿಕೊಂಡು ಕಂದು ಮೇಲ್ಪದರದಲ್ಲಿ ಅರ್ಧ ಹೂತುಹೋಗಿತ್ತು. ಉಗುರಿನಿಂದ ಕೀಳಹೋದರೆ ಅದರ ಜೊತೆಗೆ ಬನ್ನಿನ ಚರ್ಮವೂ ಸ್ವಲ್ಪ ಎದ್ದು ಬಂತು. ಧಾರವಾಡದ ನನ್ನ ಅಡುಗೆಮನೆಯಲ್ಲಿ, ಹೋದ ವರ್ಷ ಕೊಂಡ ಸಣ್ಣ ಓವನ್ನಿನ ಮುಂದೆ ನಿಂತು ಆ ಕೂದಲನ್ನು ಬೆಳಕಿಗೆ ಹಿಡಿದಾಗ ಶಲವಡಿಯ ಅಕ್ಕೋರು ನೆನಪಾದರು. ಹೀಗೆ ಬರೆಯುವುದು ಸುಲಭ. ಮೊದಲು ನೆನಪಾದದ್ದು ಅವರಲ್ಲ, ಅವರ ಒಂದು ಮಾತು: 'ಕೂದಲಿನ ಬ್ರಷ್ ಬ್ಯಾಡ.' ಮುಖ ಆಮೇಲೆ ಬಂತು. ಅದನ್ನು ಮಾತಿಗೆ ತಕ್ಕಂತೆ ನಾನೇ ಜೋಡಿಸಿಕೊಂಡಿದ್ದರೂ ಇರಬಹುದು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಈ ಅಕ್ಕೋರು ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದರು. ನಾನು ಆಗ ಹೈಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಆ ಊರಿಗೆ ಹೋದವಳು; ಅವರ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು. ಗಂಡನೂ ಹಾಗೇ ಕರೆಯುತ್ತಿದ್ದರು. ಅತ್ತೆಯೂ ಹಾಗೇ ಕರೆಯುತ್ತಿದ್ದಳು, ಆದರೆ ಅವಳ ಬಾಯಲ್ಲಿ ಅದು ಚುಚ್ಚುಮಾತಾಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದ ದಿನ, ಅಕ್ಕೋರು ಇವತ್ತು ಪಾಠ ಮರೆತಿದ್ದಾರೆ ಎಂದು ಗೋಡೆಗೆ ಹೇಳುವಳು.

ಆ ಅತ್ತೆಯನ್ನು ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಎಂದೆ. ಹಲ್ಲು ಪೂರ್ತಿ ಹೋಗಿದ್ದವು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಂಡು, ಹಾಲಿನಲ್ಲಿ ಬನ್ನು ಅದ್ದಿ ತಿನ್ನುವುದು ಅವಳ ಊಟ. ರೊಟ್ಟಿ ಅಗಿಯಲಾಗದು. ಅನ್ನ ಜಡ್ಡಿನವರ ಊಟವೆಂದು ಅವಳ ತೀರ್ಮಾನ. ಬನ್ನು ತರುತ್ತಿದ್ದವರು ಮಗ, ಅಂದರೆ ಅಕ್ಕೋರ ಯಜಮಾನರು. ಅವರಿಗೆ ಅಣ್ಣಿಗೇರಿಯಲ್ಲಿ ಬೀಜದ ಅಂಗಡಿ. ಸಂಜೆಯ ಬಸ್ಸಿಗೆ ಬರುವಾಗ ಬಗಲಲ್ಲಿ ಬನ್ನಿನ ಪೊಟ್ಟಣ ಇರುತ್ತಿತ್ತು. ಒಳ್ಳೆಯ ಮನುಷ್ಯ, ಆದರೆ ಕೇಳಿದ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವರು.

ಒಂದು ದಿನ ಬೆಳಿಗ್ಗೆ, ತಾಯಿ ಬನ್ನು ಅದ್ದುತ್ತಿದ್ದಾಗಲೇ, ಬೇಕರಿಯವನು ಹೇಳಿದ ಗುಟ್ಟನ್ನು ಅವರು ಅಗದಿ ಖುಷಿಯಿಂದ ಹೇಳಿಬಿಟ್ಟರು. 'ಮ್ಯಾಲ ತತ್ತಿ ಒಡದು ಹಚ್ಚತಾನಂತ. ಅದಕ್ಕ ನೋಡು ಹಿಂಗ ಫಳಫಳ ಅಂತೈತಿ.' ಹೇಳಿ ಮುಗಿದ ಮೇಲೆ ಅವರಿಗೆ ಅರ್ಥವಾಯಿತು. ಆಯಿ ಬಟ್ಟಲು ಕೆಳಗಿಟ್ಟಳು. ಬನ್ನಿನ ತುಂಡು ಹಾಲಿನಲ್ಲಿ ನಿಧಾನವಾಗಿ ಮುಳುಗಿತು. ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು, ಬಹಳ ಹೊತ್ತು. ಯಜಮಾನರು ಚಹಾ ಕುಡಿಯದೆ ಬಸ್ಸಿಗೆ ಹೋದರು.

ಅವತ್ತಿನಿಂದ ಆಯಿಗೆ ಅಂಬಲಿಯೊಂದೇ. ಅದೂ ಅರ್ಧ ಬಟ್ಟಲು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ದಿನದಿಂದ ದಿನಕ್ಕೆ ದೊಡ್ಡದಾಗಿ ಕಾಣತೊಡಗಿತು. ಆರಂಭದಲ್ಲಿ ಹಟವೆಂದು ತಿಳಿದಿದ್ದ ಯಜಮಾನರು ಆಮೇಲೆ ಹೆದರಿದರು. ಅಕ್ಕೋರು ಹೆದರಿದರೋ ಇಲ್ಲವೋ ನನಗೆ ಕಾಣಲಿಲ್ಲ. ಅವರು ಹುಬ್ಬಳ್ಳಿಯಿಂದ ಯೀಸ್ಟ್ ತರಿಸಿದರು.

ಅವರ ಬಳಿ ಓವನ್ ಇರಲಿಲ್ಲ. ದಪ್ಪ ಅಲ್ಯೂಮಿನಿಯಂ ಡಬರಿಯ ತಳಕ್ಕೆ ಉಸುಕು ಹರವಿ, ಅದರ ಮೇಲೆ ಬನ್ನಿನ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಹತ್ತಿಕಟ್ಟಿಗೆಯ ಕೆಂಡ ಹಾಕುತ್ತಿದ್ದರು. ಕೆಳಗೂ ಉರಿ, ಮೇಲೂ ಕಾವು. ಮೊದಲ ಕೆಲವು ಸಲ ಹಿಟ್ಟು ಉಬ್ಬಲಿಲ್ಲ, ಆಮೇಲೆ ಉಬ್ಬಿತು. ಒಳಗೆ ಮೆತ್ತಗೆ, ಹತ್ತಿಯಂತೆ ಬಂತು. ತೊಂದರೆ ಇದ್ದದ್ದು ಮೇಲೆ. ಬಿಳಿಚಿದ, ಬೂದಿ ಬಡಿದಂಥ ಬಣ್ಣ. ಆಯಿ ಅದನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ವಾಪಸು ಕೊಟ್ಟಳು. 'ಬೋಳ ಹಣಿ ಇದ್ದಂಗ ಐತಿ. ತಿನ್ನಾಕ ಮನಸ ಬರಂಗಿಲ್ಲ.'

ವಿಭೂತಿ ಇಲ್ಲದ ಹಣೆ ಅವಳಿಗೆ ಅರ್ಧಕ್ಕೆ ಬಿಟ್ಟ ಕೆಲಸವಿದ್ದಂತೆ. ಈ ಮಾತನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಮುಂದೆ ನನಗೆ ಇದರ ಮೇಲೆಯೇ ಅನುಮಾನ ಬರಲಿದೆ.

ಹೀಗೆ ಅಕ್ಕೋರು ಹೊಳಪಿನ ಬೆನ್ನು ಹತ್ತಿದರು. ಹಚ್ಚಲು ಬೇಕೆಂದು ಯಜಮಾನರು ಅಂಗಡಿಯ ಬಾಜೂದಿಂದ ಬಣ್ಣ ಬಳಿಯುವ ಹೊಸ ಬ್ರಷ್ ತಂದರು. ಅಕ್ಕೋರು ಅದನ್ನು ತಿರುವಿ ನೋಡಿ, ಇದು ಯಾವ ಪ್ರಾಣಿಯ ಕೂದಲು ಎಂದು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ಮರುದಿನ ಅಂಗಡಿಯವನನ್ನು ಕೇಳಿಕೊಂಡು ಬಂದು, ಹಂದಿಯದು ಇರಬಹುದಂತೆ ಎಂದು ಮತ್ತೆ ಅಷ್ಟೇ ಪ್ರಾಮಾಣಿಕವಾಗಿ ಹೇಳಿದರು. ಆಗ ಅಕ್ಕೋರು ಹೇಳಿದ್ದೇ ಆ ಮಾತು, ಕೂದಲಿನ ಬ್ರಷ್ ಬೇಡವೆಂದು. ಬಾಜೂ ಮನೆಯ ಮುಸಲ್ಮಾನ ಹೆಂಗಸು, ಓಣಿಗೆಲ್ಲ ಖಾಲಾ, ತನ್ನ ಮಗ್ಗದಲ್ಲಿ ಉಳಿದ ನೂಲಿನ ತುದಿಗಳನ್ನು ಕೂಡಿಸಿ ಒಂದು ಕುಚ್ಚು ಕಟ್ಟಿ ಕೊಟ್ಟಳು. ಖಾಲಾನ ಮನೆಯವರು ತಲೆಮಾರುಗಳಿಂದ ಜಮಖಾನೆ ನೇಯುವವರು. ಎರಡೂ ಮನೆಗೆ ಒಂದೇ ಗೋಡೆ.

ಅಕ್ಕೋರು ಬನ್ನಿನ ಮೇಲೆ ಚಾಕುವಿನಿಂದ ಅಡ್ಡ ಉದ್ದ ಗೀರಿ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಹಚ್ಚುತ್ತಿದ್ದರು. ಯಾವುದಕ್ಕೆ ಏನು ಎಂಬ ಗುರುತಿಗೆ ಅಂಚಿನಲ್ಲಿ ಕಡಲೆಕಾಳು ಒತ್ತುತ್ತಿದ್ದರು. ಹಾಲಿಗೆ ಒಂದು ಕಾಳು, ಬೆಲ್ಲದ ನೀರಿಗೆ ಎರಡು, ಹೀಗೆ. ಹಾಲು ಬಣ್ಣ ಕೊಟ್ಟಿತು, ಹೊಳಪು ಕೊಡಲಿಲ್ಲ. ಬರೀ ನೀರು ಹಚ್ಚಿದ ಪಾಲು ತೊಗಟೆಯಂತೆ ಗಟ್ಟಿಯಾಯಿತು. ಬಿಸಿಯಿದ್ದಾಗಲೇ ಬೆಲ್ಲದ ನೀರು ಹಚ್ಚಿದರೆ ಅಗದಿ ಚಂದ ಹೊಳೆಯುತ್ತಿತ್ತು, ಆದರೆ ಬೆರಳಿಗೆ ಅಂಟುತ್ತಿತ್ತು, ಮಧ್ಯಾಹ್ನದೊಳಗೆ ಇರುವೆ. ಬೆಣ್ಣೆಯ ಹೊಳಪು ಬೆಳಗಾಗುವುದರೊಳಗೆ ಬನ್ನಿನೊಳಗೆ ಇಳಿದುಹೋಗುತ್ತಿತ್ತು. ಕುಸುಬಿ ಎಣ್ಣೆಗೆ ವಾಸನೆ. ಅಗಸಿ ಬೀಜ ನೆನೆಸಿದ ಲೋಳೆಯ ಮೇಲೆ ನನಗೆ ಭರವಸೆಯಿತ್ತು. ಅದು ಬೆಂದ ಮೇಲೆ ಹಾವಿನ ಪೊರೆಯಂತೆ ಬಿಟ್ಟುಕೊಂಡಿತು. ಉಳಿದದ್ದನ್ನೆಲ್ಲ ತಿಂದವಳು ನಾನು. ಆಯಿ ಕಂಬಕ್ಕೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು, ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕಾಳು ಒತ್ತುವುದನ್ನು ಕಂಡು, ಬಿತ್ತಿದ್ದಾಯಿತು, ಇನ್ನು ಕಳೆಗೆ ಎಡೆ ಹೊಡೆಯುವುದು ಯಾವಾಗ ಎಂದು ಕೇಳಿದ್ದಳು.

ಗಂಜಿಯ ವಿಚಾರ ಬಂದದ್ದು ಖಾಲಾನಿಂದ. ಅವಳು ಹಿತ್ತಲಿನಲ್ಲಿ ನೂಲು ಎಳೆದು ಕಟ್ಟಿ ಅದಕ್ಕೆ ಗಂಜಿ ಹಚ್ಚುತ್ತಿದ್ದಳು. ಗೋಧಿ ನೆನೆಸಿ ಹಿಂಡಿದ ಹಾಲನ್ನು ನೀರಿಗೆ ಹಾಕಿ, ಪಾರದರ್ಶಕವಾಗುವ ತನಕ ಕುದಿಸಿದ ತೆಳುವಾದ ಗಂಜಿ. ಒಣಗಿದ ನೂಲು ಬಿಸಿಲಿಗೆ ಮಿಂಚುತ್ತಿತ್ತು. ಅಕ್ಕೋರು ಗೋಡೆಯ ಈಚೆ ನಿಂತು ಅದನ್ನೇ ನೋಡುತ್ತಿದ್ದುದು ಖಾಲಾನ ಕಣ್ಣಿಗೆ ಬಿತ್ತಂತೆ. 'ನೂಲಿಗೆ ನಡೀತೈತಿ, ಬನ್ನಿಗೆ ಯಾಕ ನಡ್ಯಂಗಿಲ್ರಿ ಅಕ್ಕೋರ?' ಎಂದಳಂತೆ. ಇದು ಖಾಲಾ ಹೇಳಿದ್ದು. ಅಕ್ಕೋರು ಹೇಳುವಾಗ ಮೊದಲು ಕೇಳಿದವರು ತಾವು. ಎರಡೂ ನಿಜವಿರಬಹುದು.

ಅಕ್ಕೋರು ಬೇಯುವ ಮೊದಲು ಒಂದು ಸಲ ಗಂಜಿ ಹಚ್ಚಿದರು, ಡಬರಿಯಿಂದ ತೆಗೆದ ಕೂಡಲೇ ಇನ್ನೊಂದು ಸಲ. ಆ ಬೆಳಗಿನ ಬನ್ನುಗಳನ್ನು ನಾನು ನೋಡಿದ್ದೇನೆ. ಗಾಜು ಹೊದಿಸಿದಂತೆ ಹೊಳೆಯುತ್ತಿದ್ದವು. ಬೇಕರಿಯದನ್ನೂ ಮೀರಿಸಿದ್ದವು. ಅಕ್ಕೋರು ಅವನ್ನು ತಟ್ಟೆಯಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಅತ್ತೆಯ ಮುಂದೆ ಇಟ್ಟರು. ಪರೀಕ್ಷೆಗೆ ಕೂತ ಹುಡುಗಿಯಂತೆ ಕೈಕಟ್ಟಿ ನಿಂತರು.

ಆಯಿ ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು.

'ತತ್ತಿ ಹಚ್ಚೀದಿ.'

'ಗೋದಿ ಗಂಜಿ ಅದು, ಅತ್ತಿ. ಬೇಕಾದ್ರ ಖಾಲಾನ ಕೇಳ್ರಿ.'

'ಅಕಿನ್ನ ಯಾಕ ಕೇಳ್ಲಿ? ಅವತ್ತೂ ನೀ ಕೇಳಿದಿ, ಅಕಿ ಕೊಟ್ಟಳು. ಹಾಲಾಗ ಹಾಕಿದಾಕಿ ನೀ.'

ಅಕ್ಕೋರು ಕಟ್ಟಿದ ಕೈ ಬಿಡಿಸಿದರು. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರ ಕತ್ತು ಕೆಂಪಾಗಿತ್ತು ಎಂದು ಬರೆಯಬೇಕೆನಿಸುತ್ತದೆ. ಆದರೆ ನಾನು ನಿಂತ ಜಾಗದಿಂದ ಅವರ ಕತ್ತು ಕಾಣುತ್ತಿರಲಿಲ್ಲ.

ಆ ಮಾತಿನ ಅರ್ಥ ನನಗೆ ಅವತ್ತು ಸಂಜೆ ಖಾಲಾನಿಂದ ತಿಳಿಯಿತು. ಅಕ್ಕೋರು ಮದುವೆಯಾಗಿ ಬಂದ ಹೊಸತರಲ್ಲಿ ಅವರ ಮಾವ, ಅಂದರೆ ಆಯಿಯ ಗಂಡ, ಹಾಸಿಗೆ ಹಿಡಿದಿದ್ದರಂತೆ. ಎಲುಬಿಗೆ ಚರ್ಮ ಅಂಟಿತ್ತು. ಹುಬ್ಬಳ್ಳಿಯ ಡಾಕ್ಟರು ತತ್ತಿ ಕೊಡಲೇಬೇಕು ಎಂದಿದ್ದರು. ಆ ಮನೆಯಲ್ಲಿ ಆ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ. ಹೊಸ ಸೊಸೆ ಗೋಡೆಯ ಆಚೆಯಿಂದ ದಿನಾ ತತ್ತಿ ಇಸಕೊಂಡು, ಅರಿಷಿಣದ ಹಾಲಿನಲ್ಲಿ ಕಲಸಿ, ಸಕ್ಕರೆ ಹೆಚ್ಚು ಹಾಕಿ ಮಾವನಿಗೆ ಕುಡಿಸಿದಳು. ಮಾವ ಎದ್ದು ಓಡಾಡಿದರು. ಮುಂದೆ ಬಹಳ ವರ್ಷ ಬದುಕಿದರು, ದಿನಾ ಲಿಂಗಪೂಜೆ ಮಾಡಿಕೊಂಡು. ಅವರಿಗೆ ಕಡೆಯ ತನಕ ಗೊತ್ತಾಗಲಿಲ್ಲ. ಆಯಿಗೆ ಗೊತ್ತಾಗಿತ್ತು. ತಿಪ್ಪೆಯಲ್ಲಿ ಸಿಪ್ಪೆ ಕಂಡಿರಬೇಕು ಎಂದಳು ಖಾಲಾ. ಗಂಡ ಚೇತರಿಸಿಕೊಳ್ಳುತ್ತಿದ್ದ, ಹೀಗಾಗಿ ಬಾಯಿ ಬಿಡಲಿಲ್ಲ. ಗಂಡ ಸತ್ತ ಮೇಲೂ ಬಿಡಲಿಲ್ಲ. ಅವಳಿಗೆ ಗೊತ್ತಿದೆ ಎಂಬುದು ಅಕ್ಕೋರಿಗೂ ಖಾಲಾನಿಗೂ ತಿಳಿದದ್ದು ಅವತ್ತಿನ ಬೆಳಿಗ್ಗೆ. 'ಇಷ್ಟ ವರ್ಸ ಬಾಯಾಗ ಇಟ್ಕೊಂಡು ಕುಂತಿದ್ಲಲ್ರಿ ಟೀಚರ್' ಎಂದು ಖಾಲಾ ನೂಲು ಸುತ್ತುತ್ತ ಹೇಳಿದಳು. ಅವಳ ದನಿಯಲ್ಲಿ ಒಂದು ಬಗೆಯ ಮೆಚ್ಚುಗೆಯಿತ್ತು.

ಆಗ ವಿಷಯ ಬನ್ನಿನದು ಮಾತ್ರ ಆಗಿ ಉಳಿಯಲಿಲ್ಲ. ಆಯಿ ಸೊಸೆಯ ಕೈಯಿಂದ ಅಂಬಲಿ ತೆಗೆದುಕೊಳ್ಳುವುದನ್ನೂ ಬಿಟ್ಟಳು. ನೀರು ಬೇಕಾದರೆ ನನ್ನನ್ನು ಕೂಗುವಳು. ಯಜಮಾನರು ಸಂಜೆ ಬಂದು ಹಾಲು ಕಾಯಿಸಿ ಕೊಟ್ಟರೆ ಒಂದೆರಡು ಗುಟುಕು. ಇಷ್ಟು ವರ್ಷ ಒಂದೇ ಒಲೆಯ ಅಡುಗೆ ಉಂಡವರು, ಈಗ ಒಬ್ಬರು ಬೇಯಿಸಿದ್ದನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಯಜಮಾನರು ಇಬ್ಬರ ನಡುವೆ ಕೂತು ಬೀಜದ ದರ ಮಾತಾಡಿದರು. ಅಕ್ಕೋರು ವಾದ ಮಾಡಲಿಲ್ಲ, ಅಳಲಿಲ್ಲ, ಡಾಕ್ಟರ ಮಾತನ್ನು ಎತ್ತಲಿಲ್ಲ. ಆಣೆ ಮಾಡಿ ಹೇಳಬಾರದೇ ಎಂದು ನಾನು ಒಮ್ಮೆ ಅಂದೆ. ಮಾವನಿಗೆ ಕುಡಿಸುವಾಗ ಆಣೆ ಕೇಳಿದ್ದರೂ ಸುಳ್ಳು ಆಣೆ ಮಾಡುತ್ತಿದ್ದೆ, ಹಾಗಾಗಿ ಇವತ್ತಿನ ಆಣೆಗೆ ಬೆಲೆ ಇಲ್ಲ ಎಂಬರ್ಥದ ಏನೋ ಹೇಳಿದರು. ಶಬ್ದಗಳು ಇವೇ ಅಲ್ಲ.

ಆಮೇಲೆ ಒಂದು ಬೆಳಿಗ್ಗೆ. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಆಯಿ ಪೂಜೆ ಮುಗಿಸಿ ಕಂಬಕ್ಕೆ ಒರಗಿದ್ದಳು. ಅಕ್ಕೋರು ಒಳಗಿನಿಂದ ತಟ್ಟೆ ತಂದರು. ಅದರಲ್ಲಿ ಬೇಯದ, ಉಬ್ಬಿ ನಿಂತ ಹಸಿ ಬನ್ನುಗಳು. ಬಾಜೂಕ್ಕೆ ಒಂದು ಬಟ್ಟಲು ಗಂಜಿ. ಕುಚ್ಚು ಇರಲಿಲ್ಲ. ಎರಡನ್ನೂ ಅತ್ತೆಯ ಮುಂದೆ ನೆಲದ ಮೇಲಿಟ್ಟು, 'ನೀವ ಹಚ್ಚರಿ' ಎಂದರು. ಕೆಂಡ ನೋಡಲು ಒಳಗೆ ಹೋದರು.

ಆಯಿ ಬಹಳ ಹೊತ್ತು ಬಟ್ಟಲನ್ನು ನೋಡಿದಳು. ಮೂಸಿದಳು. ಬೆರಳ ತುದಿ ಅದ್ದಿ ನಾಲಗೆಗೆ ಇಟ್ಟುಕೊಂಡಳು. ನನ್ನ ಕಡೆ ನೋಡಿದಳು. ನಾನು ಚಪ್ಪಲಿಯ ಕಡೆ ನೋಡಿದೆ. ಆಮೇಲೆ ಮೂರು ಬೆರಳು ಕೂಡಿಸಿ ಗಂಜಿಯಲ್ಲಿ ಅದ್ದಿ, ಒಂದು ಬನ್ನಿನ ಮೇಲೆ ಎಡದಿಂದ ಬಲಕ್ಕೆ ಎಳೆದಳು. ದಿನಾ ಹಣೆಯ ಮೇಲೆ ಎಳೆಯುವಂತೆ. ಆ ಕೈಗೆ ಬೇರೆ ರೀತಿ ಹಚ್ಚಲು ಗೊತ್ತಿರಲಿಲ್ಲ. ಇನ್ನೊಂದು ಬನ್ನು, ಮತ್ತೊಂದು...

ಡಬರಿಯಿಂದ ತೆಗೆದಾಗ ಪ್ರತಿ ಬನ್ನಿನ ಮೇಲೂ ಮೂರು ಗೆರೆ ಹೊಳೆಯುತ್ತಿದ್ದವು. ನಡುವೆಲ್ಲ ಮಬ್ಬು. ನಾನು ಶಾಲೆಗೆ ತಡವಾಗಿ ಹೋದೆ. ಆಯಿ ಹಾಲಿನಲ್ಲಿ ಅದ್ದಿ ಒಂದಿಡೀ ಬನ್ನು ತಿಂದಳು. ಗಂಜಿಗೆ ಉಪ್ಪು ಹಾಕಿಲ್ಲ, ಸಪ್ಪಗಿದೆ ಎಂದು ದೂರಿದಳು. ಮರುದಿನ ಅಕ್ಕೋರು ಉಪ್ಪು ಹಾಕಿದರು. ಉಪ್ಪು ಹೆಚ್ಚಾಯಿತು, ಅಕ್ಕೋರು ಪಾಠ ಮರೆತಿದ್ದಾರೆ ಎಂದಳು. ಒಳಗೆ ಡಬರಿಯ ಮುಂದೆ ಕೂತಿದ್ದ ಅಕ್ಕೋರು ಅದನ್ನು ಕೇಳಿ ಕೆಂಡ ಕೆದಕಿದರು, ಅಷ್ಟೇ. ಆ ವರ್ಷ ಮುಗಿಯುವ ತನಕ ಬೆಳಿಗ್ಗೆ ಹೀಗೇ ನಡೆಯಿತು. ಆಮೇಲೆ ನನಗೆ ಬೇರೆ ಕಡೆ ಕೆಲಸ ಸಿಕ್ಕಿತು.

ಆಯಿ ತೀರಿಕೊಂಡ ಮೇಲೆ ಒಮ್ಮೆ ಹೋಗಿದ್ದೆ. ಅಕ್ಕೋರು ಹಿತ್ತಲಿನಲ್ಲಿ ಡಬರಿಯ ಮುಚ್ಚಳವನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಮಾತು ಅಲ್ಲಿಗೇ ಬಂತು. ತಿಕ್ಕುವುದನ್ನು ನಿಲ್ಲಿಸದೆ ಹೇಳಿದರು: 'ಮ್ಯಾಲ ಅವರ ಕೈ ಇತ್ತು. ಒಳಗಿನ ಹಿಟ್ಟು ದಿನಾ ನಾದಿದಾಕಿ ನಾನ. ಒಳಗ ಏನ ಹಾಕತಿ ಅಂತ ಒಂದ ದಿನಾ ಕೇಳ್ಲಿಲ್ಲ ನೋಡು, ತಂಗಿ.'

ಏನಾದರೂ ಹಾಕುತ್ತಿದ್ದಿರಾ ಎಂದು ಕೇಳಿದೆ. ಕೇಳಬಾರದಿತ್ತೇನೋ.

'ಹಾಕಬಹುದಿತ್ತು. ಹಾಕ್ಲಿಲ್ಲ. ಹಾಕಬಹುದು ಅಂತ ಅವರಿಗೂ ಗೊತ್ತಿತ್ತು.' ಮುಚ್ಚಳಕ್ಕೆ ನೀರು ಸುರಿದು ಬಿಸಿಲಿಗೆ ಬೋರಲು ಹಾಕಿದರು. 'ಗೊತ್ತಿದ್ದೂ ತಿಂದ್ರು.'

ಇದನ್ನು ನಾನು ನಂಬುತ್ತೇನೆ. ಇದರಲ್ಲಿ ನನ್ನ ಕೈಯಾಡಿಲ್ಲ. ನಂಬಲು ಕಷ್ಟವಾಗಿರುವುದು ಆ ಮೂರು ಗೆರೆ.

ಬ್ರಷ್ಷಿನ ಕೂದಲು ಸಿಕ್ಕ ದಿನವೇ ನಾನು ಗೋಧಿ ನೆನೆಸಿದೆ. ಹಿಂಡಿ, ಕುದಿಸಿ, ಮೂರು ಬೆರಳು ಅದ್ದಿ ಎಳೆದೆ. ಗಂಜಿ ತೆಳುವಾಗಿದ್ದಾಗ ಗೆರೆಗಳು ಒಂದಕ್ಕೊಂದು ಹರಿದು ಸೇರಿ, ಇಡೀ ಬನ್ನು ಒಂದೇ ಸಮ ಹೊಳೆಯಿತು. ದಪ್ಪ ಮಾಡಿದೆ. ಗೆರೆ ನಿಂತವು, ಆದರೆ ಒಣ ಸುಣ್ಣದಂತೆ ಬೆಳ್ಳಗೆ, ಹೊಳಪಿಲ್ಲದೆ. ನಡುವಿನ ಹದಗಳನ್ನೂ ಹುಡುಕಿದೆ. ಗೆರೆ ನಿಂತರೆ ಹೊಳಪಿಲ್ಲ, ಹೊಳಪಿದ್ದರೆ ಗೆರೆ ಇಲ್ಲ. ಡಬರಿಯ ಕಾವು ಬೇರೆ, ಓವನ್ನಿನ ಕಾವು ಬೇರೆ ಎನ್ನಬಹುದು. ಮುದುಕಿಯ ಒಣ ಬೆರಳು ಬೇರೆ. ಇಲ್ಲವೇ 'ಬೋಳ ಹಣಿ' ಎಂದು ಅವಳಾಡಿದ ಮಾತು ನನ್ನ ತಲೆಯಲ್ಲಿ ಉಳಿದು, ಮುಂದೆಂದೋ ಹೋಗಿ ಆ ಬನ್ನುಗಳ ಮೇಲೆ ಗೆರೆ ಎಳೆದಿರಬಹುದು. ಇಷ್ಟು ಚಂದ ಕೂಡಿಬಂದ ನೆನಪನ್ನು ಬೇರೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕೇಳಿ ತಿಳಿದುಕೊಳ್ಳೋಣವೆಂದು ಅಕ್ಕೋರ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಯಜಮಾನರು. ಅಕ್ಕೋರಿಗೆ ಕೊಡ್ರಿ ಎಂದೆ.

'ಅಕ್ಕೋರು ಹೋಗಿ ವರ್ಷ ಆಗಾಕ ಬಂತಲ್ಲವಾ. ನಿನಗ ಯಾರೂ ಹೇಳ್ಲಿಲ್ಲೇನು?'

ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಖಾಲಾನ ಮನೆಯವರು. ಅವರು ಮಗ್ಗ ಬಿಚ್ಚಿ ಹುಬ್ಬಳ್ಳಿಗೆ ಹೋಗಿ ಬಹಳ ದಿನವಾಯಿತಂತೆ, ಖಾಲಾನಿಗೆ ಈಗ ಯಾರ ಗುರುತೂ ಸಿಗುವುದಿಲ್ಲವಂತೆ. ಯಾಕೆ ಫೋನ್ ಮಾಡಿದ್ದೆ ಎಂದು ಯಜಮಾನರು ಕೇಳಿದರು. ಬೇರೆ ಏನೂ ತೋಚದೆ ಗೆರೆಗಳ ವಿಷಯವನ್ನೇ ಕೇಳಿದೆ.

'ಬನ್ನಿಗೆ ಗೆರಿ?' ಅವರು ಯೋಚಿಸಿದರು. 'ಏನೋವಾ, ನನಗ ತಿನ್ನೂದಷ್ಟ ಗೊತ್ತು. ಡಬರಿ ಐತಿ ನೋಡು ಇನ್ನೂ. ಉಸುಕೂ ಒಳಗ ಹಂಗ ಐತಿ, ಅಕಿ ಬಿಟ್ಟಂಗ. ಬೇಕಂದ್ರ ಬಂದು ಒಯ್ಯಿ.'

ಒಯ್ಯುತ್ತೇನೆ ಎಂದೆ. ಇನ್ನೂ ಹೋಗಿಲ್ಲ. ಶಲವಡಿಗೆ ಹೋಗಲು ಅಣ್ಣಿಗೇರಿಯ ಬಸ್ಸಿಗೇನೂ ಕೊರತೆಯಿಲ್ಲ. ಆ ಕೂದಲು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಇನ್ನೂ ಇದೆ, ಬನ್ನಿನ ಚೂರು ಅಂಟಿಸಿಕೊಂಡು. ಅದೇ ಡಬರಿಯಲ್ಲಿ, ಅದೇ ಉಸುಕಿನ ಮೇಲೆ ಬೇಯಿಸಿಯೂ ಗೆರೆ ಮೂಡದಿದ್ದರೆ, ಆ ಬೆಳಗನ್ನು ನಾನು ಬೇರೆ ರೀತಿ ಬರೆಯಬೇಕಾಗುತ್ತದೆ. ಅದೇನೂ ದೊಡ್ಡ ಕೆಲಸವಲ್ಲ.

ಮೂಡಿದರೆ... ಮೂಡಿತೆಂದು ಯಾರಿಗೆ ಹೇಳಬೇಕೋ ಅವರು ಇಲ್ಲ.